ಕೆನಡಾ ಕರೆಂಟು

ಈಗಲೂ ನಾನು ಮಿಕ್ಸಿಯ ಗುಂಡಿಯನ್ನು ಒಂದರಿಂದ ಎರಡಕ್ಕೆ ತಿರುಗಿಸುವುದಿಲ್ಲ. ಚಟ್ನಿ ತರಿತರಿಯಾಗಿಯೇ ಉಳಿಯುತ್ತದೆ. ಮನೆಯವರು ಹಾಗೆಯೇ ತಿನ್ನುತ್ತಾರೆ. ಶಿಕಾರಿಪುರದಲ್ಲಿ ನಾನು ಪಾಠ ಮಾಡುವ ಶಾಲೆಯ ಪಕ್ಕದಲ್ಲಿ ಬೈಕ್ ರಿಪೇರಿ ಅಂಗಡಿಯೊಂದಿದೆ. ಅಲ್ಲಿ ಯಾರಾದರೂ ನಿಂತ ಬೈಕಿನ ಆಕ್ಸಲರೇಟರನ್ನು ತಿರುಚಿ ಹಿಡಿದರೆ ಬೋರ್ಡಿನ ಮೇಲೆ ಬರೆಯುತ್ತಿರುವ ನನ್ನ ಕೈ ಅಲ್ಲೇ ನಿಲ್ಲುತ್ತದೆ. ನನ್ನದು ಚರಿತ್ರೆಯ ಪಾಠ. ಯಾವುದೋ ಯುದ್ಧದ ಹೆಸರನ್ನು ಅರ್ಧ ಬರೆದಿರುತ್ತೇನೆ. ಸದ್ದು ಇಳಿಯುವವರೆಗೆ ಮಕ್ಕಳು ನನ್ನ ಬೆನ್ನು ನೋಡುತ್ತಾ ಕೂತಿರುತ್ತವೆ. ದೊಡ್ಡ ಸದ್ದಿಗೆ ನಾನು ಹೆದರುವುದಿಲ್ಲ. ಸದ್ದು ಏರುತ್ತಾ ಹೋಗುವುದಕ್ಕೆ ಹೆದರುತ್ತೇನೆ.

ನನ್ನ ಅಣ್ಣ ಸೊರಬದಲ್ಲಿ ಮರದ ಕೆತ್ತನೆ ಮಾಡುತ್ತಾನೆ. ನಮ್ಮದು ಗದ್ದೆ ಮಾಡುವ ಮನೆ, ಉಳಿ ಹಿಡಿದವರು ಹಿಂದೆ ಯಾರೂ ಇರಲಿಲ್ಲ. ಇವನು ಮಾತ್ರ ಸ್ಕೂಲು ತಪ್ಪಿಸಿ, ಮರ ಕೆತ್ತುವ ಗುಡಿಗಾರರೊಬ್ಬರ ಅಂಗಳದಲ್ಲಿ ಕೂತು ಕೂತು ಕೆಲಸ ಕಲಿತ. ಕೆಲವು ವರ್ಷಗಳ ಹಿಂದೆ ಕೆನಡಾದಲ್ಲಿ ನಮ್ಮವರು ಕಟ್ಟುತ್ತಿದ್ದ ಒಂದು ದೇವಸ್ಥಾನದ ಬಾಗಿಲುಗಳನ್ನು ಕೆತ್ತಲು ಈ ಕಡೆಯಿಂದ ಒಂದು ತಂಡ ಹೋಯಿತು. ಅಣ್ಣನೂ ಹೋದ. ವಾಪಸು ಬಂದಾಗ ಅವನ ಸೂಟ್‌ಕೇಸಿನಲ್ಲಿ ಬಟ್ಟೆಗಳಿರಲಿಲ್ಲ. ಚಳಿಯ ಕೋಟನ್ನು ಅಲ್ಲೇ ಯಾರಿಗೋ ಕೊಟ್ಟು, ಅದರ ಜಾಗದಲ್ಲಿ ಹತ್ಯಾರುಗಳನ್ನು ತುಂಬಿಕೊಂಡು ಬಂದಿದ್ದ. ಅದರಲ್ಲಿ ಅವನಿಗೆ ಜೀವದಂತಿದ್ದದ್ದು ಕೈಯಲ್ಲಿ ಹಿಡಿಯುವ ಒಂದು ಗ್ರೈಂಡರು. ಅದರ ತುದಿಗೆ ಕಲ್ಲಿನ ಬದಲು ಹಲ್ಲುಗಳಿರುವ ಉಕ್ಕಿನ ಚಕ್ರ. ಉಳಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ತೆಗೆಯುವಷ್ಟು ಮರವನ್ನು ಅದು ಒಂದು ಲೋಟ ಟೀ ಆರುವುದರೊಳಗೆ ತೆಗೆಯುತ್ತಿತ್ತು.

ಅಲ್ಲಿಯ ಕರೆಂಟು ನೂರಿಪ್ಪತ್ತು ವೋಲ್ಟಿನದು, ನಮ್ಮದು ಇನ್ನೂರ ಮೂವತ್ತರದು ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದರೂ ಮೊದಲ ಪೆಟ್ಟು ಬಿದ್ದದ್ದು ಅತ್ತಿಗೆಗೆ. ಅವಳಿಗೆಂದು ತಂದಿದ್ದ ಕೂದಲು ಒಣಗಿಸುವ ಮಿಷನ್ನನ್ನು ಅವಳು ತಲೆಗೆ ನೀರು ಹಾಕಿಕೊಂಡು ಬಂದು, ಫೋನ್ ಚಾರ್ಜರಿನ ಅಡಾಪ್ಟರು ಸಿಗಿಸಿ, ಸೀದಾ ಗೋಡೆಯ ಪ್ಲಗ್ಗಿಗೆ ಚುಚ್ಚಿದಳು. ಫೋನಿನ ಚಾರ್ಜರು ಅಲ್ಲಿಯದೇ ಆಗಿದ್ದೂ ಇಲ್ಲಿ ನಡೆಯುತ್ತಿತ್ತಲ್ಲ, ಇದೂ ನಡೆಯುತ್ತದೆ ಅಂದುಕೊಂಡಿದ್ದಳು. ಮಿಷನ್ನಿನ ಬಾಯಿಂದ ಗಾಳಿಯ ಬದಲು ಬೆಂಕಿ ಬಂತು. ಕಿವಿಯ ಪಕ್ಕದ ಒಂದು ಹಿಡಿ ಕೂದಲು ಸುಟ್ಟು, ಕಿಟಕಿಯ ಪರದೆಗೂ ಹೊತ್ತಿಕೊಂಡಿತು. ಆರಿಸಿದ ಮೇಲೆ ಅತ್ತಿಗೆ ಬಚ್ಚಲ ಬಾಗಿಲಲ್ಲಿ ನಿಂತು ಊರಿಗೆಲ್ಲ ಕೇಳುವ ಹಾಗೆ ಕೂಗಿದ್ದಳಂತೆ: "ನನ್ನ ಕೊಲ್ಲಕ್ಕೆ ಕೆನಡಾದಿಂದ ತರಬೇಕಿತ್ತಾ ಮಾರಾಯ? ಸೊರಬದಲ್ಲಿ ಏನೂ ಸಿಗ್ತಿರ್ಲಿಲ್ವಾ?"

ಅಣ್ಣ ಮರುದಿನವೇ ಶಿವಮೊಗ್ಗಕ್ಕೆ ಹೋಗಿ ವೋಲ್ಟೇಜು ಇಳಿಸುವ ಪೆಟ್ಟಿಗೆ ತಂದ. ಅಕ್ಕಿಯ ಚೀಲದಷ್ಟು ಭಾರದ ಕಬ್ಬಿಣದ ಡಬ್ಬಿ ಅದು. ಗುಂಯ್ ಎನ್ನುತ್ತಾ ಬೆಚ್ಚಗಾಗುತ್ತಿತ್ತು, ಬೆಕ್ಕು ಅದರ ಮೇಲೆ ಮಲಗುತ್ತಿತ್ತು. ಅದರ ಮೂಲಕ ಗ್ರೈಂಡರು ಕೆನಡಾದಲ್ಲಿ ತಿರುಗಿದಂತೆಯೇ ಸೊರಬದಲ್ಲೂ ತಿರುಗಿತು. ಓಣಿಯವರು ಮಾತ್ರ, "ನಿನ್ನ ಮಿಷನ್ ಸದ್ದಿಗೆ ಗುಡವಿ ಕೆರೆ ಹಕ್ಕಿ ಎಲ್ಲ ಎದ್ದು ಹೋದ್ವು" ಎಂದು ರೇಗಿಸುತ್ತಿದ್ದರು.

ಇಷ್ಟೇ ಆಗಿದ್ದರೆ ಈ ಕಥೆಯೇ ಇಲ್ಲ. ನನ್ನ ಗಂಡನ ಚಿಕ್ಕಪ್ಪ, ನಾನು ಮಾವ ಎಂದೇ ಕರೆಯುವವರು, ಶಿಕಾರಿಪುರ ತಾಲ್ಲೂಕಿನಲ್ಲಿ ಅಂಬ್ಲಿಗೊಳ ಜಲಾಶಯದ ಚಾನಲ್ಲಿನ ತುದಿಯಲ್ಲಿರುವ ತಮ್ಮ ಹೊಲದಲ್ಲಿ ಮನೆ ಕಟ್ಟಿಸುತ್ತಿದ್ದರು. ತಲೆಬಾಗಿಲಿನ ಕೆತ್ತನೆ ಅಣ್ಣನದೇ ಆಗಬೇಕೆಂದು ಹಟ ಹಿಡಿದರು. ಅಣ್ಣ ಸಾಗುವಾನಿ ಹಲಗೆಗಳನ್ನು ನೋಡಿ ಒಪ್ಪಿದ. ಆದರೆ ಅವನು ಕೆಲಸ ಶುರುಮಾಡುವ ಮೊದಲೇ ಬಾಗಿಲು ನಿಲ್ಲಿಸುವ ಒಳ್ಳೆಯ ದಿನ ಬಂದುಬಿಟ್ಟಿತು. ಅದು ತಪ್ಪಿದರೆ ಮುಂದೆ ಬಹಳ ದಿನ ಮುಹೂರ್ತವಿಲ್ಲವೆಂದು, ಬೋಳು ಚೌಕಟ್ಟಿಗೇ ಅರಿಶಿನ ಕುಂಕುಮ ಹಚ್ಚಿ, ಹೊಸ್ತಿಲ ಕೆಳಗೆ ಹಾಕುವುದನ್ನೆಲ್ಲ ಹಾಕಿ, ಗೋಡೆಯಲ್ಲಿ ನಿಲ್ಲಿಸಿದರು. ನಿಲ್ಲಿಸಿದ ಬಾಗಿಲನ್ನು ಕೀಳುವ ಮಾತೇ ಇಲ್ಲ. ಹಾಗಾಗಿ ಕೆತ್ತನೆಯನ್ನು ಅಲ್ಲೇ, ನಿಂತ ಮರದ ಮೇಲೆ ಮಾಡಬೇಕಾಯಿತು.

ಅಣ್ಣ ಪೆಟ್ಟಿಗೆಯನ್ನು ಗೋಣಿಯಲ್ಲಿ ಕಟ್ಟಿಕೊಂಡು ಬಸ್ಸಿನಲ್ಲಿ ಬಂದ. ಗ್ರೈಂಡರಿಗೆ ಹಾಕಿ ಒತ್ತಿದರೆ ಚಕ್ರ ನಿಧಾನಕ್ಕೆ ಒಂದು ಸುತ್ತು ಬಂದು ನಿಂತಿತು. ಅವನು ಮೀಟರು ಹಚ್ಚಿ ನೋಡಿದ. ಪ್ಲಗ್ಗಿನಲ್ಲಿ ಬರುತ್ತಿದ್ದದ್ದೇ ನೂರ ಮೂವತ್ತರ ಆಸುಪಾಸು. ಅದನ್ನು ಪೆಟ್ಟಿಗೆ ಅರ್ಧ ಮಾಡಿ ಕೊಡುತ್ತಿತ್ತು.

ಆ ಕಡೆಯವರಿಗೆ ಇದು ಹೊಸದಲ್ಲ. ಅದು ಬೇಸಿಗೆ ಬೆಳೆಯ ಕಾಲ. ಹಗಲು ತ್ರೀ ಫೇಸ್ ಕರೆಂಟು ಕೊಡುವ ಕೆಲವು ಗಂಟೆಗಳಲ್ಲಿ ಆ ಲೈನಿನ ಅಷ್ಟೂ ಬೋರುಗಳ ಮೋಟರು ಒಟ್ಟಿಗೆ ಎಳೆಯುತ್ತಿದ್ದವು. ಲೈನಿನ ತುದಿಯ ಹೊಲ ಮಾವನದು. ಅಲ್ಲಿಗೆ ತಲುಪುವ ಹೊತ್ತಿಗೆ ಉಳಿಯುತ್ತಿದ್ದದ್ದು ಅಷ್ಟೇ.

"ನಮ್ ಕಡಿಗೆ ಕರೆಂಟು ದಣಿದು ಬರ್ತೈತಿ" ಎಂದರು ಮಾವ.

ಅಣ್ಣ ಮೀಟರನ್ನೇ ನೋಡುತ್ತಾ ನಿಂತಿದ್ದ. ಆಮೇಲೆ ಮೆಲ್ಲಗೆ ಪೆಟ್ಟಿಗೆಯ ವೈರು ಕಿತ್ತ. ಗ್ರೈಂಡರಿನ ಚಪ್ಪಟೆ ಕಾಲಿನ ಪ್ಲಗ್ಗು ನಮ್ಮ ಗೋಡೆಯ ತೂತಿಗೆ ಹೋಗುವುದಿಲ್ಲ, ಅಡಾಪ್ಟರು ಸೊರಬದಲ್ಲೇ ಉಳಿದಿತ್ತು. ಅದಕ್ಕೆ ಅದನ್ನು ಕತ್ತರಿಸಿ, ವೈರಿನ ಎರಡು ಎಳೆಗಳನ್ನು ತೂತುಗಳಿಗೆ ತುರುಕಿ, ಅಲುಗಾಡದಂತೆ ಬೆಂಕಿಕಡ್ಡಿ ಸಿಗಿಸಿದ. ಒತ್ತಿದ. ಚಕ್ರ ಹದವಾಗಿ ಹಾಡಿತು.

ಮಾವ ತೊಡೆ ತಟ್ಟಿಕೊಂಡು ನಕ್ಕರು. "ಏ ತಮ್ಮಾ, ನಮ್ ಲೈನಾಗೆ ಇರೋದೇ ಕೆನಡಾ ಕರೆಂಟು ಕಣೋ! ನೀ ಸುಮ್ನೆ ಆ ಕಬ್ಬಿಣದ ಪೆಟ್ಟಿಗಿ ಹೊತ್ಕಂಡ್ ಬಂದೀಯ!"

"ಮೋಟ್ರು ನಿಂತ್ರೆ ಕಷ್ಟ ಮಾವ" ಎಂದ ಅಣ್ಣ. "ವೋಲ್ಟೇಜು ಏರುತ್ತೆ."

ಅದಕ್ಕೂ ಒಂದು ಉಪಾಯ ಮಾಡಿಕೊಂಡರು. ಬಾಗಿಲ ಒಳಮಗ್ಗುಲಿಗೆ ಹಳೇ ಕಾಲದ ತಂತಿಯ ಬಲ್ಬೊಂದನ್ನು ತೂಗುಹಾಕಿದರು. ಒಳಗಿನ ತಂತಿ ಕೆಂಪಗೆ ಕಾಣುತ್ತಿದ್ದರೆ ಕೆಲಸ, ಬೆಳ್ಳಗಾಗತೊಡಗಿದರೆ ನಿಲ್ಲಿಸುವುದು. ಆ ಟಿಸಿಯ, ಅಂದರೆ ಟ್ರಾನ್ಸ್ಫಾರ್ಮರಿನ ಮೇಲೆ ಎಲ್ಲಕ್ಕಿಂತ ದೊಡ್ಡ ಮೋಟರಿದ್ದದ್ದು ಪಕ್ಕದ ಹೊಲದವರದು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಅವರು ಮೋಟರು ಬಂದ್ ಮಾಡುವ ಮುಂಚೆ ಒಂದು ಕೂಗು ಹಾಕಿದ್ದರೆ ಸಾಕಿತ್ತು. ಆದರೆ ಮಾವನಿಗೂ ಅವರಿಗೂ ಮಾತಿರಲಿಲ್ಲ. ಚಾನಲ್ಲಿನ ತೂಬಿನ ಬಳಿ, ನೀರು ತಿರುಗಿಸುವ ಪಾಳಿ ಯಾರದೆಂದು ಜಗಳವಾಗಿ, ಕಾಕಾ ಸಲಿಕೆಯ ಕಾವಿನಿಂದ ಮಾವನ ಎರಡು ಹಲ್ಲು ಉದುರಿಸಿದ್ದರು. "ಅವನ ಮನಿ ಬಾಗಿಲಿಗೆ ಹೋಗಿ ಮೋಟ್ರು ಬಂದ್ ಮಾಡಬ್ಯಾಡ ಅನ್ಲಾ? ಬಲ್ಬು ನಾನೇ ಕಾಯ್ತೀನಿ" ಎಂದರು ಮಾವ. ನಿಜವಾಗಿಯೂ ಕಾಯುತ್ತಿದ್ದರು. ಎಲೆ ಅಡಿಕೆ ಚೀಲ ಹಿಡಿದು ಬಲ್ಬಿನ ಕೆಳಗೆ ಕುರ್ಚಿ ಹಾಕಿಕೊಂಡು, ದೇವರ ಮುಂದೆ ಕೂತ ಹಾಗೆ ಕೂತಿರುತ್ತಿದ್ದರು.

ಒಳಮುಖದ ಕೆತ್ತನೆ ಹಾಗೇ ಮುಗಿಯಿತು. ಬಳ್ಳಿ, ಬಳ್ಳಿಯ ನಡುವೆ ಗಿಳಿ. ಒಂದು ಮೋಟರು ನಿಂತು ಬಲ್ಬು ಸ್ವಲ್ಪ ಬೆಳಗಿದರೂ ಮಾವ "ನಿಲ್ಸು ನಿಲ್ಸು" ಎಂದು ಕೂಗುತ್ತಿದ್ದರು, ಅಣ್ಣ ನಿಲ್ಲಿಸುತ್ತಿದ್ದ.

ಆಮೇಲೆ ಹೊರಮುಖ. ಅಣ್ಣ ಬಾಗಿಲ ಹೊರಗೆ ಮರದ ಏಣಿಯ ಮೇಲೆ ನಿಂತು ಮೇಲಿನ ಪಟ್ಟಿ ಕೆತ್ತುತ್ತಿದ್ದ. ಬಲ್ಬು ಅವನಿಗೆ ಕಾಣುತ್ತಿರಲಿಲ್ಲ. ಒಳಗೆ ಕೂತ ಮಾವ ಅವನ ಕಣ್ಣು. ಶಾಲೆಗೆ ರಜೆಯಿತ್ತು, ನಾನು ಇಬ್ಬರಿಗೂ ಬುತ್ತಿ ತಂದಿದ್ದೆ. ಊಟವಾದ ಮೇಲೆ ಏಣಿಯಿಂದ ಸ್ವಲ್ಪ ದೂರ ಕೂತು, ಬಾಗಿಲ ಮೇಲೆ ಬರಬೇಕಾಗಿದ್ದ ಒಂದು ಹೂವಿನ ಹಲಗೆಯನ್ನು ಮರಳುಕಾಗದದಿಂದ ಉಜ್ಜುತ್ತಿದ್ದೆ. ಮರದ ಪುಡಿ ನನ್ನ ತಲೆಯ ಮೇಲೆಲ್ಲ ಬೀಳುತ್ತಿತ್ತು. ನನ್ನ ಗಂಡನಿಗೆ ಅಂದು ದಾವಣಗೆರೆಯಲ್ಲಿ ಕೆಲಸವಿತ್ತು. ಹೊಲದಲ್ಲಿ ನಾವು ಮೂವರೇ.

ಮೊದಲು ಕೇಳಿದ್ದು ಕೂಗು. ದೂರದಲ್ಲಿ, ಚಾನಲ್ಲಿನ ಮೇಲ್ಭಾಗದಿಂದ. "ನೀರು ಬಂತು! ನೀರು ಬಂತಲೇ!" ಅಂಬ್ಲಿಗೊಳದಿಂದ ನೀರು ಬಿಡುತ್ತಾರೆ ಬಿಡುತ್ತಾರೆ ಎಂದು ಆ ರೈತರೆಲ್ಲ ಎಷ್ಟು ದಿನದಿಂದ ಬಾಯಿ ಬಿಟ್ಟುಕೊಂಡಿದ್ದರೋ. ಮಾವ ಬಾಯಲ್ಲಿದ್ದ ಎಲೆಯನ್ನು ಉಗಿದು ಕುರ್ಚಿಯಿಂದ ಎದ್ದರು. ನನ್ನ ಪಕ್ಕದಲ್ಲೇ, ನನ್ನ ಹಲಗೆಯನ್ನು ದಾಟಿಕೊಂಡು ಹೋದರು. ಪಂಚೆ ಎತ್ತಿ ಕಟ್ಟುತ್ತಾ, ಮಕ್ಕಳ ಹಾಗೆ, ಬದುವಿನ ಮೇಲೆ ಓಡಿದರು.

ಚಾನಲ್ಲಿಗೆ ನೀರು ಬಂದ ಮೇಲೆ ಬೋರು ಯಾರಿಗೆ ಬೇಕು? ಮೇಲಿನ ಹೊಲದಲ್ಲಿ ಒಂದು ಮೋಟರು ನಿಂತಿತು. ಅದರ ಕೆಳಗಿನದು ನಿಂತಿತು. ನಾನು ಅದನ್ನು ಮೋಟರುಗಳ ಮೌನವೆಂದು ತಿಳಿಯಲಿಲ್ಲ. ನನಗೆ ಕೇಳಿದ್ದು ಗ್ರೈಂಡರು. ಅದರ ದನಿ ಒಂದು ಮೆಟ್ಟಿಲು ಹತ್ತಿತು. ಸ್ವಲ್ಪ ಹೊತ್ತು ಅಲ್ಲೇ ನಿಂತು, ಮತ್ತೊಂದು ಹತ್ತಿತು.

"ಎಂಥಾ ಕಡಿತ ನೋಡೇ!" ಎಂದು ಅಣ್ಣ ಮೇಲಿನಿಂದ ಕೂಗಿದ. ಅವನ ಮುಖದಲ್ಲಿ ಖುಷಿಯಿತ್ತು. ಸಾಗುವಾನಿ ಚಕ್ಕೆ ಚಕ್ಕೆಯಾಗಿ ಹಾರುತ್ತಿತ್ತು. "ಬೆಣ್ಣೆ ಮಾರಾಯ್ತಿ, ಬೆಣ್ಣೆ!"

ಮತ್ತೊಂದು ಮೆಟ್ಟಿಲು. ಸುಟ್ಟ ವಾಸನೆ ಬಂತು. ನಾನು ತಲೆಯೆತ್ತಿ ಬಾಗಿಲೊಳಗೆ ನೋಡಿದೆ. ಕುರ್ಚಿ ಖಾಲಿ. ಅದರ ಮೇಲೆ ಬಲ್ಬು ಕಣ್ಣು ಕುಕ್ಕುವಷ್ಟು ಬೆಳ್ಳಗೆ ಉರಿಯುತ್ತಿತ್ತು.

ನಾನು "ಅಣ್ಣಾ, ನಿಲ್ಸು" ಎಂದೆ. ಅವನಿಗೆ ಕೇಳಿತು, ಹೆಬ್ಬೆರಳಿನಿಂದ ಸ್ವಿಚ್ಚನ್ನು ಹಿಂದಕ್ಕೆ ಎಳೆದದ್ದನ್ನು ನಾನು ಕಂಡೆ. ಮಿಷನ್ನು ನಿಲ್ಲಲಿಲ್ಲ. ಸ್ವಿಚ್ಚು ಒಳಗೇ ಕರಗಿ ಅಂಟಿಕೊಂಡಿತ್ತು. ಅವನು ಇನ್ನೊಮ್ಮೆ ಎಳೆದ, ಮತ್ತೊಮ್ಮೆ ಎಳೆದ. ಅಷ್ಟರಲ್ಲಿ ಪಕ್ಕದ ಹೊಲದ ದೊಡ್ಡ ಮೋಟರು ನಿಂತಿತು.

ಆಮೇಲಿನದಕ್ಕೆ ಸದ್ದೆನ್ನುವುದು ಸರಿಯಲ್ಲ. ಅದು ಕಿವಿಯ ಒಳಗೆ ಯಾರೋ ಕೂಗಿದ ಹಾಗಿತ್ತು. ಚಕ್ರ ಮರಕ್ಕೆ ಕಚ್ಚಿ, ಮಿಷನ್ನು ಅವನ ಎರಡೂ ಕೈಗಳಿಂದ ಹಿಂದಕ್ಕೆ ಒದ್ದುಕೊಂಡು ಬಂತು. ಏಣಿಯ ಮೇಲೆ ನಿಂತವನು ಎಲ್ಲಿಗೆ ಸರಿಯಬೇಕು? ಅದು ಅವನ ತೊಡೆಯ ಒಳಭಾಗವನ್ನು ಸೀಳಿ ಕೆಳಗೆ ಬಿತ್ತು. ಅಣ್ಣ ಅದರ ಮೇಲೆಯೇ ಬೀಳುತ್ತಿದ್ದ. ಏಣಿ ವಾಲಿದ್ದರಿಂದ ಪಕ್ಕಕ್ಕೆ ಬಿದ್ದ.

ಮಿಷನ್ನು ನೆಲದ ಮೇಲೆ ಸಾಯಲಿಲ್ಲ. ಅಂಗಳದಲ್ಲಿ ಕುಣಿಯಿತು. ಹಲ್ಲು ಮಣ್ಣಿಗೆ ತಾಗಿದಾಗಲೆಲ್ಲ ಹಾರಿ ಇನ್ನೊಂದು ಕಡೆ ಬೀಳುತ್ತಿತ್ತು. ಪ್ಲಾಸ್ಟಿಕ್ ಬಕೆಟ್ಟನ್ನು ಒಡೆದು ಚೂರು ಮಾಡಿತು, ಸಿಮೆಂಟಿನ ಚೀಲ ಹರಿದು ಧೂಳು ಎಬ್ಬಿಸಿತು, ನನ್ನ ಮಡಿಲಿನಿಂದ ಜಾರಿದ ಹೂವಿನ ಹಲಗೆಯನ್ನು ಎರಡು ತುಂಡು ಮಾಡಿತು. ಅಣ್ಣನ ತಲೆಯ ಹತ್ತಿರಕ್ಕೆ ಹೋಗುತ್ತಿತ್ತು, ವಾಪಸು ಬರುತ್ತಿತ್ತು. ಸರಪಳಿ ಕಟ್ಟಿದ ಹುಚ್ಚುನಾಯಿ ಎಷ್ಟು ದೂರ ಹಾರೀತು ಎಂದು ಲೆಕ್ಕ ಹಾಕುವ ಹಾಗೆ ನಾನು ಅದರ ವೈರಿನ ಉದ್ದ ನೋಡುತ್ತಿದ್ದೆ. ಕೊನೆಗೆ ಅದು ತನ್ನ ವೈರಿನ ಮೇಲೆಯೇ ಬಿದ್ದು, ನೀಲಿ ಕಿಡಿಯೊಂದಿಗೆ ಅದನ್ನು ಕಡಿದುಕೊಂಡು, ಬಹಳ ಹೊತ್ತು ಗಿರಕಿ ಹೊಡೆದು ನಿಂತಿತು.

ಕಡಿದ ವೈರಿನ ತುದಿ ಅಣ್ಣನ ರಕ್ತದ ಕಡೆಗೆ ಬಾಯಿ ಮಾಡಿ ಬಿದ್ದಿತ್ತು. ರಕ್ತ ಮಣ್ಣಿನಲ್ಲಿ ಅದರತ್ತ ಹರಿಯುತ್ತಿತ್ತು. ನಾನು ಒಳಗೆ ಓಡಿ, ಬೆಂಕಿಕಡ್ಡಿ ಸಿಗಿಸಿದ ಎರಡು ಎಳೆಗಳನ್ನು ಪ್ಲಗ್ಗಿನಿಂದ ಕಿತ್ತೆ. ಬೆರಳಿಗೆ ಕರೆಂಟು ಹೊಡೆಯಿತು. ಹೊಡೆದದ್ದು ಆಮೇಲೆ ಗೊತ್ತಾಯಿತು.

ತೊಡೆಯಿಂದ ರಕ್ತ ಹರಿಯುತ್ತಿರಲಿಲ್ಲ, ಚಿಮ್ಮುತ್ತಿತ್ತು. ನಾಡಿ ಬಡಿದ ಹಾಗೆ, ಬಿಟ್ಟು ಬಿಟ್ಟು. ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿ ಕಲಿಸಿದ್ದರು. ವೇಲನ್ನು ಗಾಯದ ಮೇಲುಗಡೆ ಸುತ್ತಿ, ಗಂಟಿನೊಳಗೆ ಅಣ್ಣನ ಒಂದು ಉಳಿಯ ಹಿಡಿ ತೂರಿಸಿ ತಿರುಚಿದೆ. ಅವನು ಕಿರುಚಿದ. ಇನ್ನೂ ತಿರುಚಿದೆ. ಚಿಮ್ಮುವುದು ಜಿನುಗುವುದಾಯಿತು, ಆದರೆ ಉಳಿಯನ್ನು ಬಿಟ್ಟರೆ ಮತ್ತೆ ಚಿಮ್ಮುತ್ತಿತ್ತು. ಫೋನು ಬುತ್ತಿಯ ಚೀಲದಲ್ಲಿ, ಚೀಲ ಒಳಗೆ. ಆಂಬುಲೆನ್ಸು ಕರೆದರೂ ಈ ಹೊಲ ಹುಡುಕಿಕೊಂಡು ಬರುವಷ್ಟರಲ್ಲಿ ಇವನಲ್ಲಿ ಏನೂ ಉಳಿಯುವುದಿಲ್ಲ ಎಂದು ಗೊತ್ತಿತ್ತು. ಮಾವನ ಹತ್ತಿರ ಇದ್ದದ್ದು ಒಂದು ಬೈಕು. ಗಾಡಿಯಿದ್ದದ್ದು ಕಾಕಾನ ಹತ್ತಿರ. ತರಕಾರಿ ಹಾಕಿಕೊಂಡು ಶಿರಾಳಕೊಪ್ಪ ಸಂತೆಗೆ ಹೋಗುವ ಲಗೇಜು ಗಾಡಿ.

"ಕಾಕಾ!" ಎಂದು ಕೂಗಿದೆ. "ಕಾಕಾ ಗಾಡಿ ತರ್ರೀ!"

ಕಾಕಾ ಆಗಲೇ ಬದುವಿನ ಮೇಲೆ ಓಡಿಬರುತ್ತಿದ್ದರು. ಮಿಷನ್ನಿನ ಸದ್ದು ಅವರನ್ನು ಕರೆತಂದಿತ್ತು. ಅವರ ಹಿಂದೆಯೇ ಮಾವ. ಮೊಣಕಾಲುವರೆಗೆ ಒದ್ದೆಯಾಗಿದ್ದ ಇಬ್ಬರೂ ಅಂಗಳಕ್ಕೆ ಒಟ್ಟಿಗೇ ಬಂದು ನಿಂತರು. ಕಾಕಾ ಅಣ್ಣನ ಕಡೆ ಬಗ್ಗಿದರು. ಮಾವ ಅಣ್ಣನನ್ನು ನೋಡಿದರು, ಖಾಲಿ ಕುರ್ಚಿಯನ್ನು ನೋಡಿದರು. ಆ ನೋಟವನ್ನು ನಾನು ಕಂಡಿದ್ದೇನೆ. ಅವರಿಗೆ ಎಲ್ಲವೂ ಅರ್ಥವಾಗಿತ್ತು. ಆ ಅರ್ಥವನ್ನು ಹೊರಲಾರದೆ ಎಲ್ಲಾದರೂ ಇಳಿಸಬೇಕಾಗಿತ್ತು.

"ಬೇಕಂತಲೇ ಬಂದ್ ಮಾಡೀಯಲ್ಲಲೇ, ಬೋಳಿಮಗನೇ!" ಎಂದವರೇ ಗೋಡೆಗೆ ಒರಗಿಸಿದ್ದ ಗುದ್ದಲಿ ಎತ್ತಿ, ಅದರ ಕಾವಿನಿಂದ ಬಗ್ಗಿದ್ದ ಕಾಕಾನ ತಲೆಗೆ ಹೊಡೆದರು.

ಕಾಕಾ ಮೊಣಕಾಲೂರಿ ಬಿದ್ದರು. ಹುಬ್ಬು ಒಡೆದು ಒಂದು ಕಣ್ಣು ರಕ್ತದಲ್ಲಿ ಮುಚ್ಚಿತು. "ಏನ್ಲೇ ನಾ ಮಾಡಿದ್ದು? ನೀರು ಬಂತು, ಮೋಟ್ರು ಬಂದ್ ಮಾಡ್ದೆ!" ಎಂದರು. ಮಾವ ಮತ್ತೆ ಹೊಡೆದರು, ಬೆನ್ನಿಗೆ. ಮತ್ತೆ, ಕೈಗೆ. ಪ್ರತಿ ಏಟಿಗೂ ಒಂದೊಂದು ಹಳೆಯ ಮಾತು ಬರುತ್ತಿತ್ತು. ತೂಬಿನ ಮಾತು, ಹಲ್ಲಿನ ಮಾತು, ಬದುವಿನ ಮಾತು. ನಾನು ಕೂಗುತ್ತಿದ್ದೆ, "ಮಾವಾ ಬಿಡ್ರಿ, ಗಾಡಿ ಬೇಕು, ಅಣ್ಣ ಸಾಯ್ತಾನೆ!" ಅವರಿಗೆ ಕೇಳುತ್ತಿರಲಿಲ್ಲ. ಅಣ್ಣನ ತುಟಿ ಬೂದಿಬಣ್ಣಕ್ಕೆ ತಿರುಗಿತ್ತು. ಅವನನ್ನು ಉಳಿಸಬಲ್ಲ ಒಬ್ಬನೇ ಮನುಷ್ಯನನ್ನು ನನ್ನ ಕಣ್ಣ ಮುಂದೆಯೇ ಹೊಡೆದು ಕೊಲ್ಲುತ್ತಿದ್ದರು.

ಅಣ್ಣನ ಕೈಯನ್ನು ಎಳೆದು ಉಳಿಯ ಮೇಲಿಟ್ಟೆ. "ಹಿಡ್ಕ, ಬಿಡಬ್ಯಾಡ" ಎಂದೆ. ಎದ್ದೆ. ತುಂಡಾದ ಹೂವಿನ ಹಲಗೆಯ ಉದ್ದನೆಯ ಭಾಗ ಕೈಗೆ ಸಿಕ್ಕಿತು. ನಮ್ಮಲ್ಲಿ ಮಾವಂದಿರ ಎದುರು ಸೊಸೆಯಂದಿರು ಕುರ್ಚಿಯ ಮೇಲೂ ಕೂರುವುದಿಲ್ಲ. ನಾನು ಅವರ ಹಿಂದೆ ಹೋಗಿ, ಗುದ್ದಲಿ ಎತ್ತಿದ ಕೈಯ ಮೇಲೆ ನನ್ನ ಮೈಯ ಬಲವನ್ನೆಲ್ಲ ಹಾಕಿ ಹೊಡೆದೆ. ಮೂಳೆಯ ಸದ್ದು ಹಸಿ ಸೌದೆ ಮುರಿದ ಹಾಗೆ ಬಂತು. ಗುದ್ದಲಿ ಬಿತ್ತು. ಮಾವ ತಿರುಗಿ ನನ್ನನ್ನು ನೋಡಿದರು, ನಾನು ಯಾರೆಂದು ಗುರುತು ಹಿಡಿಯುವವರಂತೆ. ನಾನು ಹಲಗೆಯನ್ನು ಮತ್ತೆ ಎತ್ತಿದೆ. ಅವರು ಒಂದು ಹೆಜ್ಜೆ ಇಟ್ಟಿದ್ದರೆ ತಲೆಗೇ ಹೊಡೆಯುತ್ತಿದ್ದೆ. ಇದನ್ನು ನಾನು ಎಷ್ಟು ಸಲ ತಿರುವಿ ನೋಡಿಕೊಂಡರೂ ಬೇರೆ ಉತ್ತರ ಬರುವುದಿಲ್ಲ.

ಅವರು ಹೆಜ್ಜೆ ಇಡಲಿಲ್ಲ. ಕೂತುಬಿಟ್ಟರು.

"ಕಾಕಾ, ಗಾಡಿ ಓಡಿಸಕ್ಕೆ ಆಗುತ್ತಾ?" ಎಂದೆ.

ಕಾಕಾ ನೆಲದಿಂದ ಎದ್ದು ರಕ್ತ ಉಗಿದರು. "ಆಗದಿದ್ರೆ ನೀ ಓಡಿಸ್ತೀಯಾ? ನಿನ್ ಮಾವನ್ನ ಆಮ್ಯಾಲೆ ನೋಡ್ಕಂತೀನಿ. ಮೊದ್ಲು ಇವನ್ನ ಎತ್ತು" ಎಂದರು.

ಗಾಡಿ ತಂದು ಅಂಗಳಕ್ಕೆ ಹಿಮ್ಮುಖವಾಗಿ ನಿಲ್ಲಿಸಿದರು. ನಾವಿಬ್ಬರೂ ಅಣ್ಣನನ್ನು ಎತ್ತಲು ಹೋದರೆ ಆಗಲಿಲ್ಲ. ಮರದ ಕೆಲಸದವರ ಮೈ ಭಾರ. ಆಗ ಮಾವ ಬಂದು, ನೆಟ್ಟಗಿದ್ದ ಕೈಯನ್ನು ಅಣ್ಣನ ಸೊಂಟದ ಕೆಳಗೆ ಹಾಕಿ ಎತ್ತಿದರು. ಮುರಿದ ಕೈ ಅವರ ಪಕ್ಕದಲ್ಲಿ ಬೇರೆಯವರದರಂತೆ ತೂಗುತ್ತಿತ್ತು. ಅವರೂ ಹಿಂದೆ ಹತ್ತಿ, ನಾನು ಉಳಿ ತಿರುಚಿ ಹಿಡಿದ ಜಾಗದ ಮೇಲೆ ಮೊಣಕಾಲನ್ನು ಊರಿ ಕೂತರು. ಬೇಡವೆನ್ನಲು ನನಗೆ ಪುರುಸೊತ್ತಿರಲಿಲ್ಲ.

ಟೊಮೆಟೊ ಕೊಳೆತ ವಾಸನೆಯ ಆ ಗಾಡಿಯಲ್ಲಿ ಶಿಕಾರಿಪುರದವರೆಗೆ ಹೋದದ್ದನ್ನು ನಾನು ಯಾರಿಗೂ ಸರಿಯಾಗಿ ಹೇಳಲಾರೆ. ಚಾನಲ್ಲಿನ ರಸ್ತೆಯಲ್ಲಿ ಗುಂಡಿ ಬಿದ್ದಾಗಲೆಲ್ಲ ಉಳಿ ನನ್ನ ಕೈಯಲ್ಲಿ ಹಿಂದಕ್ಕೆ ತಿರುಗುತ್ತಿತ್ತು, ರಕ್ತ ಬಿಸಿಯಾಗಿ ಮೇಲೆ ಬರುತ್ತಿತ್ತು. ಚಾಲಕನ ಹಿಂದಿನ ಚಿಕ್ಕ ಕಿಟಕಿಗೆ ಗಾಜಿರಲಿಲ್ಲ. ಅದರ ಮೂಲಕ ಅವರಿಬ್ಬರೂ ದಾರಿಯುದ್ದಕ್ಕೂ ಜಗಳವಾಡಿದರು. ಅಂಗಳದ ಬೈಗುಳವನ್ನು ಬಿಟ್ಟರೆ, ಮಾತು ನಿಂತ ಮೇಲೆ ಅವರು ಆಡಿದ ಮೊದಲ ಮಾತುಗಳು ಅವೇ ಇರಬೇಕು.

"ನಂಗೇನ್ ಕನಸು ಬಿದ್ದಿತ್ತೇನಲೇ, ನಿನ್ ಮಿಷನ್ನು ನನ್ ಮೋಟ್ರ ಮ್ಯಾಲೆ ನಿಂತೈತಿ ಅಂತ? ಒಂದು ಮಾತು ಹೇಳಕ್ಕೆ ನಿನ್ ಬಾಯಿಗೇನಾಗಿತ್ತು?"

"ಬಾಯಾಗಿನ ಹಲ್ಲು ನೀನೇ ಉದುರಿಸೀಯಲ್ಲ! ರಸ್ತೆ ನೋಡ್ಕಂಡ್ ಹೊಡಿ!"

"ಯಾವ ಕಣ್ಣಾಗ ನೋಡ್ಲಿ? ಒಂದ್ನ ನೀನೇ ಮುಚ್ಚೀಯಲ್ಲ!"

"ಎಡಕ್ಕೆ, ಎಡಕ್ಕೆ! ಎತ್ತಿನಗಾಡಿ ಐತಿ!"

ಅಣ್ಣ ಕಣ್ಣು ಮುಚ್ಚಿದ್ದ. "ಅಣ್ಣಾ, ಮಾತಾಡು" ಎಂದೆ. "ಇವ್ರು ಬಿಟ್ರಲ್ವನೇ ಮಾತಾಡಕ್ಕೆ" ಎಂದ. ಅದಾದ ಮೇಲೆ ಮಾತಾಡಲಿಲ್ಲ. ಕೆನ್ನೆಗೆ ಹೊಡೆದೆ. ಕಣ್ಣು ತೆರೆದು, ನನ್ನನ್ನು ದಾಟಿ ಎಲ್ಲೋ ನೋಡಿದ. ಮಾವ ಅಳತೊಡಗಿದರು. "ತಮ್ಮಾ, ನಾ ನೀರು ನೋಡಕ್ಕೆ ಹೋದ್ನಪ್ಪಾ, ಬರೇ ನೀರು ನೋಡಕ್ಕೆ" ಎಂದು ಅದನ್ನೇ ಹೇಳುತ್ತಿದ್ದರು. ಮುಂದಿನಿಂದ ಕಾಕಾ, "ಅತ್ರೆ ರಕ್ತ ನಿಲ್ತೈತೇನಲೇ? ಒತ್ತಿ ಹಿಡಿ!" ಎಂದು ಗದರಿದರು.

ಆಸ್ಪತ್ರೆಯಲ್ಲಿ ನಮ್ಮ ನಾಲ್ವರನ್ನೂ ನೋಡಿದ ಡಾಕ್ಟರು ಗುಂಪು ಹೊಡೆದಾಟವೆಂದೇ ತಿಳಿದರು. "ಯಾರು ಯಾರಿಗೆ ಹೊಡೆದದ್ದು? ಇಬ್ಬರು ಇಬ್ಬರಾ?" ಎಂದು ಕೇಳಿದರು. ಕಾಕಾ ಗೋಡೆ ಹಿಡಿದುಕೊಂಡು ವಿವರಿಸಿದರು: "ಮೊದ್ಲು ಮಿಷನ್ನು ಇವನಿಗೆ ಹೊಡೀತು ಸಾರ್. ಆಮ್ಯಾಲೆ ಇವ್ನು ನನಗೆ ಹೊಡ್ದ. ಆಮ್ಯಾಲೆ ಈ ಹುಡುಗಿ ಇವನಿಗೆ ಹೊಡದ್ಲು. ನಾನು ಯಾರಿಗೂ ಹೊಡದಿಲ್ಲ, ಬರ್ಕಳ್ರಿ." ನರ್ಸೊಬ್ಬಳು ನಕ್ಕಳು, ನಕ್ಕದ್ದಕ್ಕೆ ನಾಚಿಕೊಂಡು ಅಣ್ಣನ ಕಡೆ ಓಡಿದಳು. ಪೊಲೀಸರು ಬಂದಾಗ ಮಾವ, ಏಣ್ಯಾಗಿನಿಂದ ಬಿದ್ದು ಕೈ ಮುರೀತು ಎಂದರು. ಕಾಕಾ ಅವರತ್ತ ಒಂದೇ ಕಣ್ಣಿನಲ್ಲಿ ಬಹಳ ಹೊತ್ತು ನೋಡಿ, ತಾವೂ ಜಾರಿ ಬಿದ್ದೆ ಎಂದರು. ಯಾಕೆಂದು ನಾನು ಕೇಳಿಲ್ಲ. ಅವರಿಬ್ಬರೂ ಈಗಲೂ ಸ್ನೇಹಿತರಲ್ಲ. ಮಾವ ನಾನು ಬಡಿಸಿದರೆ ಊಟ ಮಾಡುತ್ತಾರೆ, ತಲೆಯೆತ್ತುವುದಿಲ್ಲ.

ಶಿಕಾರಿಪುರದಲ್ಲಿ ರಕ್ತನಾಳವನ್ನು ಹೇಗೋ ಹಿಡಿದು ಕಟ್ಟಿ, ಆಂಬುಲೆನ್ಸಿನಲ್ಲಿ ಶಿವಮೊಗ್ಗಕ್ಕೆ ಕಳಿಸಿದರು. ಸೊರಬದಿಂದ ಅತ್ತಿಗೆ ಸೀದಾ ಅಲ್ಲಿಗೇ ಬಂದಳು. ರಕ್ತ ಮೆತ್ತಿದ್ದ ನನ್ನ ಬಟ್ಟೆ ನೋಡಿ, ಬೆಂಚಿನ ಮೇಲೆ ನನಗೆ ಅಂಟಿಕೊಂಡು ಕೂತಳು. ಆಪರೇಷನ್ನಿಗೆ ಒಯ್ಯುವ ಮೊದಲು ಡಾಕ್ಟರು ಹೊರಗೆ ಬಂದು, "ಜೀವ ಉಳಿಸೋಣ. ಕಾಲಿಗೆ ಬಹಳ ಹೊತ್ತು ರಕ್ತ ಹೋಗಿಲ್ಲ. ಕಾಲಿನ ಮಾತು ಈಗ ಹೇಳಲ್ಲ" ಎಂದರು. ಅತ್ತಿಗೆ ಸಹಿ ಹಾಕಿದಳು. ಅಣ್ಣ ಕೆಲಸಕ್ಕೆ ಕೂರುವುದು ನೆಲದ ಮೇಲೆ, ಮರವನ್ನು ಹಿಡಿಯುವುದು ಕಾಲಿನ ಬೆರಳುಗಳ ನಡುವೆ. ಕೈಯೆರಡೂ ಉಳಿ ಮತ್ತು ಕೊಡತಿಗೆ. ಕಾಲು ಹೋದರೆ ಅವನಿಗೆ ಉಳಿಯುವುದು ಜೀವ ಮಾತ್ರ ಎಂದು ನಮಗಿಬ್ಬರಿಗೂ ಗೊತ್ತಿತ್ತು.

ಅವನಿಗೆ ಎಚ್ಚರವಾದಾಗ ನಾನೊಬ್ಬಳೇ ಹತ್ತಿರವಿದ್ದೆ. ಕಾಲಿನ ಭಾಗಕ್ಕೆ ಹೊದಿಕೆ ತಾಗದಂತೆ ಕಬ್ಬಿಣದ ಕಮಾನು ಇಟ್ಟಿದ್ದರು. ಅವನಿಗೆ ಅಲ್ಲಿ ಏನಿದೆಯೆಂದು ಕಾಣುತ್ತಿರಲಿಲ್ಲ.

"ಕಾಲು ಇದ್ಯನೇ?" ಎಂದ.

"ಇದೆ."

"ಎರಡೂ?"

"ಎರಡೂ."

"ಸುಳ್ಳು ಹೇಳ್ಬ್ಯಾಡ. ನಂಗೆ ಏನೂ ಗೊತ್ತಾಗ್ತಿಲ್ಲ. ಚಿವುಟು ನೋಡನ."

ನಾನು ಕಮಾನಿನ ಕೆಳಗೆ ಕೈ ಹಾಕಿದೆ. ಗಾಯದ ಕಾಲಿನ ಪಾದ ತಣ್ಣಗಿತ್ತು. ಹೆಬ್ಬೆರಳನ್ನು ಮೆಲ್ಲಗೆ ಚಿವುಟಿದೆ. ಅವನ ಮುಖದಲ್ಲಿ ಏನೂ ಆಗಲಿಲ್ಲ. "ಚಿವುಟಿದ್ಯಾ?" ಎಂದ. "ಇಲ್ಲ, ಇನ್ನೂ ಇಲ್ಲ" ಎಂದೆ. ಆಮೇಲೆ ಉಗುರಿನ ಬುಡಕ್ಕೆ ನನ್ನ ಉಗುರನ್ನು ಒತ್ತಿ, ಅಂಗಳದಲ್ಲಿ ಉಳಿ ತಿರುಚಿದ್ದಷ್ಟೇ ಬಲದಿಂದ, ಅವನ ಮುಖವನ್ನೇ ನೋಡುತ್ತಾ ಒತ್ತಿದೆ. ಇನ್ನೂ ಒತ್ತಿದೆ.

ಅಣ್ಣ ಹಾಸಿಗೆಯಿಂದ ಅರ್ಧ ಎದ್ದು, ವಾರ್ಡಿಗೆಲ್ಲ ಕೇಳುವಂತೆ ಕಿರುಚಿ, ನನ್ನನ್ನು ಹುಟ್ಟಿಸಿದವರನ್ನೆಲ್ಲ ಸೇರಿಸಿ ಬೈದ. ನರ್ಸು ಓಡಿ ಬಂದಳು. ನಾನು ಬೆರಳನ್ನು ಬಿಡಲಿಲ್ಲ.